ಟೀವಿಯಲ್ಲಿ ಬಂದ ಮನೆಯ ಮೆಟ್ಟಿಲು

ಪ್ರತಿ ಸಂಸಾರದಲ್ಲೂ ಜಗಳ ಮುಗಿಸುವ ಮಾತು ಅಂತ ಒಂದಿರುತ್ತದೆ. ಅದು ಜಗಳಕ್ಕೆ ಸಂಬಂಧಪಟ್ಟಿರಬೇಕೆಂದೇನೂ ಇಲ್ಲ. ಗ್ಯಾಸ್ ಸಿಲಿಂಡರ್ ಬುಕ್ ಮಾಡಲು ಮರೆತದ್ದು ಯಾರು ಎಂಬಲ್ಲಿಂದ ಹೊರಟ ಮಾತು ಎಲ್ಲೆಲ್ಲೋ ಸುತ್ತಾಡಿ, ಇನ್ನೇನು ನಾನು ಗೆದ್ದೆ ಅನ್ನುವಷ್ಟರಲ್ಲಿ ಆ ಒಂದು ಮಾತು ಬಂದು ಬೀಳುತ್ತದೆ. ಅಲ್ಲಿಗೆ ಮುಗಿಯಿತು, ಎಲ್ಲರೂ ಅವರವರ ಕೆಲಸಕ್ಕೆ ಹೋಗಬಹುದು. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಆ ಮಾತು, ಅವರ ಅಕ್ಕನ ಮದುವೆಯಲ್ಲಿ ಹೆಂಡತಿಯ ತಂದೆಗೆ ಹೋಳಿಗೆ ಬಡಿಸದೆ ಮುಂದಕ್ಕೆ ಹೋಗಿಬಿಟ್ಟಿದ್ದು. ನಮ್ಮ ಮನೆಯಲ್ಲಿ ಅಂಥ ಅವಮಾನಗಳೇನೂ ಇಲ್ಲದ್ದರಿಂದ ನನ್ನ ಹೆಂಡತಿ ಮಂಜುಳ ಬೇರೊಂದು ಮಾತು ಇಟ್ಟುಕೊಂಡಿದ್ದಳು. "ನಮ್ಮನೆ ಟೀವೀಲಿ ಬಂದಿತ್ತು ಕಣ್ರೀ" ಅನ್ನುತ್ತಿದ್ದಳು. ಇದಕ್ಕೆ ಏನು ಉತ್ತರ ಕೊಡುತ್ತೀರಿ? ಗೌರಿಬಿದನೂರು ಕಡೆಯ ಹಳ್ಳಿಯಲ್ಲಿರುವ ನಮ್ಮ ಮನೆ ಪಂಚಾಯಿತಿಯ ಕಂದಾಯದ ರಸೀದಿ ಬಿಟ್ಟರೆ ಬೇರೆ ಎಲ್ಲೂ ಬಂದದ್ದಿಲ್ಲ.

ಅವಳ ತವರು ಶಿಡ್ಲಘಟ್ಟ. ನಮ್ಮ ಮಾವನವರು ಅಲ್ಲಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕ ನಡೆಸುತ್ತಿದ್ದರು. ದೇಶಕ್ಕೆಲ್ಲ ಒಂದೇ ಚಾನೆಲ್ ಇದ್ದ ಕಾಲದಲ್ಲಿ ವಾರಕ್ಕೊಮ್ಮೆ ಒಂದು ಹಾಸ್ಯ ಧಾರಾವಾಹಿ ಬರುತ್ತಿತ್ತು. ರಿಟೈರಾದ ತಹಶೀಲ್ದಾರರೊಬ್ಬರ ಮನೆಯಲ್ಲಿ ಬಂದು ಬೇರೂರಿ ಕೂತ ಮೂವರು ಅಳಿಯಂದಿರ ಕಥೆ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಹುಡುಕಿಕೊಂಡು ಹೊರಡುತ್ತೀರಿ, ಆ ಕಷ್ಟ ನಿಮಗೆ ಬೇಡ. ಒಳಗಿನ ದೃಶ್ಯಗಳೆಲ್ಲ ಬೆಂಗಳೂರಿನ ಸ್ಟುಡಿಯೋದಲ್ಲಿ ತೆಗೆದದ್ದು. ಆದರೆ ಪ್ರತಿ ದೃಶ್ಯಕ್ಕೂ ಮುಂಚೆ ಮನೆಯನ್ನು ಹೊರಗಿನಿಂದ ತೋರಿಸಬೇಕಲ್ಲ, ಕಂಬದ ಜಗಲಿ, ಪಕ್ಕದಲ್ಲಿ ಮಾಳಿಗೆಗೆ ಹತ್ತುವ ಮೆಟ್ಟಿಲು, ಅದು ತನ್ನ ತವರುಮನೆ ಎಂದು ಮಂಜುಳಳ ವಾದ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. "ನಾನೂ ಇದ್ದೆ. ಕಿಟಕಿ ಹಾಕ್ಕೊಂಡು ಒಳಗಿರಿ ಅಂತ ಶೂಟಿಂಗ್‌ನೋರು ಹೇಳಿದ್ರು, ನಾನು ಕಿಟಕೀದು ಒಂದು ಬಾಗಿಲು ತೆಗೆದು ನೋಡ್ದೆ. ಅಪ್ಪ ಬೈದ್ರು, ಆದ್ರೆ ಟೀವೀಲಿ ಬಂದ್ಬಿಟ್ಟೆ" ಎಂದೂ ಸೇರಿಸುತ್ತಿದ್ದಳು. ಕಿಟಕಿಯಲ್ಲಿ ಇಣುಕಿದವರೆಲ್ಲ ನಟಿಯರಾದರೆ ನಮ್ಮ ಬೀದಿಯಲ್ಲಿ ಎಷ್ಟು ಜನಕ್ಕೆ ಪ್ರಶಸ್ತಿ ಕೊಡಬೇಕಾಗುತ್ತದೆ ಎಂದು ನಾನು ಕೇಳುತ್ತಿದ್ದೆ. ಅದಕ್ಕೆ ಉತ್ತರವನ್ನು ಅಡುಗೆಮನೆಯ ಪಾತ್ರೆಗಳು ಕೊಡುತ್ತಿದ್ದವು.

ನಾನು ಚಿಕ್ಕಬಳ್ಳಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಕಣ್ಣಾರೆ ಕಂಡದ್ದನ್ನು ನಂಬು, ಹೇಳಿದ್ದನ್ನು ನಂಬಬೇಡ ಎಂದು ಮಕ್ಕಳಿಗೆ ಹೇಳಿ ಹೇಳಿ ನನಗೇ ಅದು ರೂಢಿಯಾಗಿದೆ. ಹೀಗಿರುವಾಗ ಹೋದ ಬೇಸಿಗೆಯಲ್ಲಿ ಫೋನಿನಲ್ಲಿ ಏನನ್ನೋ ನೋಡುತ್ತಿದ್ದವನಿಗೆ ಅದೇ ಧಾರಾವಾಹಿ ಸಿಕ್ಕಿಬಿಟ್ಟಿತು. ಯಾರೋ ಪುಣ್ಯಾತ್ಮ ಹಳೆಯ ಕ್ಯಾಸೆಟ್ಟಿನಿಂದ ತೆಗೆದು, ಹೆಸರು ಬರುವ ಭಾಗವನ್ನೆಲ್ಲ ಕತ್ತರಿಸಿ, ಮಿಕ್ಕದ್ದನ್ನು ಯೂಟ್ಯೂಬಿಗೆ ಹಾಕಿದ್ದ. ಜಗಲಿ ಬಂತು, ಕಂಬ ಬಂತು, ಮೆಟ್ಟಿಲೂ ಬಂತು. ನನ್ನ ಎದೆ ಸಂತೋಷದಿಂದ ಹೊಡೆದುಕೊಂಡಿತು. ಯಾಕೆಂದರೆ ಮೆಟ್ಟಿಲು ಮನೆಯ ಬಲಗಡೆಗಿತ್ತು. ನನ್ನ ಮಾವನ ಮನೆಯ ಮೆಟ್ಟಿಲು ಎಡಗಡೆಗಿದೆ. ಎಷ್ಟೋ ಹಬ್ಬದ ಮಧ್ಯಾಹ್ನ ಅದರ ಮೇಲೆ ಕೂತು ಹೊಟ್ಟೆ ಸವರಿಕೊಂಡಿದ್ದೇನೆ, ನನಗೆ ಗೊತ್ತಿಲ್ಲವೇ?

"ನೋಡೇ ಇಲ್ಲಿ. ಮನೆಗೆ ಬಣ್ಣ ಬಳೀಬಹುದು, ಗ್ರಿಲ್ ಹಾಕಿಸಬಹುದು. ಮೆಟ್ಟಿಲು ಎದ್ದು ಆ ಕಡೆಯಿಂದ ಈ ಕಡೆಗೆ ನಡ್ಕೊಂಡು ಹೋಗುತ್ತಾ?" ಅಂದೆ. ಮಂಜುಳ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಮ್ಮನೇನ ನಾನ್ಯಾಕ್ರೀ ಫೋನಲ್ಲಿ ನೋಡ್ಲಿ? ನಾನು ಹುಟ್ಟಿದ್ದೇ ಅಲ್ಲಿ" ಅಂದಳು. ಸಾಕ್ಷಿ ನೋಡಲೊಪ್ಪದ ಎದುರಾಳಿಯನ್ನು ಸೋಲಿಸುವುದು ಬಹಳ ಕಷ್ಟ. ತವರಿನವರನ್ನು ಕೇಳೋಣವೆಂದರೆ ಅವರು ಅವಳ ಪರವಾಗಿಯೇ ಹೇಳುವವರು, ಅದು ಸಾಕ್ಷಿಯಾಗುವುದಿಲ್ಲ. ಅದು ಅವಳ ಮನೆ ಅಲ್ಲ ಅಂದರೆ ಸಾಲದು, ಯಾರ ಮನೆ ಅನ್ನುವುದನ್ನೂ ತೋರಿಸಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

ಭಾನುವಾರಗಳಲ್ಲಿ ಸ್ಕೂಟರ್ ಹತ್ತಿದೆ. ಒಂದು ಮಾತು ಒಪ್ಪಿಕೊಳ್ಳಬೇಕು, ನಾನು ಆ ಧಾರಾವಾಹಿಯ ಕಥೆಯನ್ನು ನೋಡಲೇ ಇಲ್ಲ. ಒಳಗಿನ ದೃಶ್ಯ ಬಂದ ಕೂಡಲೇ ಬೆರಳಿನಿಂದ ಮುಂದಕ್ಕೆ ತಳ್ಳುತ್ತಿದ್ದೆ, ಮನೆಯ ಹೊರಗು ಬಂದಾಗ ನಿಲ್ಲಿಸಿ ದೊಡ್ಡದು ಮಾಡಿ ನೋಡುತ್ತಿದ್ದೆ. ಮೂವರು ಅಳಿಯಂದಿರು ಕೊನೆಗೆ ಮನೆ ಬಿಟ್ಟರೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು.

ನಮ್ಮ ಚಿಕ್ಕಬಳ್ಳಾಪುರದಲ್ಲಿ ಕೇಳಿದವರೆಲ್ಲ ಅದು ತಮ್ಮ ಬೀದಿಯಲ್ಲೇ ತೆಗೆದದ್ದು ಅಂದರು. ಶೂಟಿಂಗಿನವರಿಗೆ ತಾವೇ ನೀರು ಕೊಟ್ಟದ್ದು ಅಂದವರೂ ಇದ್ದರು. ಆ ಕಾಲದಲ್ಲಿ ಅವರು ಹುಟ್ಟಿದ್ದೇ ಅನುಮಾನ. ಗೌರಿಬಿದನೂರಿನಲ್ಲಿ ಹಿರಿಯರೊಬ್ಬರು ನನ್ನನ್ನು ಬಹಳ ವಿಶ್ವಾಸದಿಂದ ಕರೆದುಕೊಂಡು ಹೋಗಿ ಒಂದು ಮೊಬೈಲ್ ಅಂಗಡಿಯ ಮುಂದೆ ನಿಲ್ಲಿಸಿ, "ಇದೇ ಮನೆ ಸಾರ್" ಅಂದರು. ಮನೆ ಎಲ್ಲಿ ಎಂದು ಕೇಳಿದೆ. "ಕೆಡವಿಬಿಟ್ರು. ಆದ್ರೆ ಇದೇ" ಅಂದರು. ಕೆಡವಿದ ಮನೆಯ ಅನುಕೂಲವೇ ಅದು, ಮೆಟ್ಟಿಲು ಯಾವ ಕಡೆಗಿತ್ತು ಎಂದು ಯಾರೂ ವಾದ ಮಾಡುವಂತಿಲ್ಲ. ಅವರಿಗೆ ಕಾಫಿ ಕುಡಿಸಿ ವಾಪಸ್ಸು ಬಂದೆ.

ಕೊನೆಗೆ ಸಿಕ್ಕಿದ್ದು ಚಿಂತಾಮಣಿಯಲ್ಲಿ. ಒಂದು ಓಣಿ ತಿರುಗಿದೆ, ಎದುರಿಗೆ ಜಗಲಿ, ಕಂಬ, ಬಲಗಡೆಗೆ ಮೆಟ್ಟಿಲು. ಸ್ಕೂಟರ್ ಸ್ಟ್ಯಾಂಡ್ ಹಾಕುವುದಕ್ಕೂ ಮರೆತು ಅದನ್ನು ಬೀಳಿಸಿಕೊಂಡೆ. ಸದ್ದಿಗೆ ಮನೆಯ ಯಜಮಾನರು ಹೊರಬಂದರು. ಅನ್ವರ್ ಸಾಹೇಬರು, ಬಜಾರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದಾರೆ, ನನಗಿಂತ ಸ್ವಲ್ಪ ಹಿರಿಯರು. ಬಿದ್ದವನಿಗೆ ಮೊದಲು ಟೀ ತರಿಸಿಕೊಟ್ಟು ಆಮೇಲೆ ವಿಷಯ ಕೇಳಿದರು. ಹೇಳಿದೆ. ಅವರು ಚೆನ್ನಾಗಿ ಯೋಚನೆ ಮಾಡಿ ತಲೆ ಅಲ್ಲಾಡಿಸಿದರು.

"ನಮ್ಮನೆ ಟೀವೀಲಿ ಬಂದಿಲ್ಲ ಸಾರ್. ಬಂದಿದ್ರೆ ನಮ್ಮ ಅಮ್ಮೀಜಾನ್ ಊರಿಗೆಲ್ಲ ಹೇಳಿರ್ತಿದ್ರು."

ಇಷ್ಟು ದಿನ ಬರದ ಮನೆಯನ್ನೆಲ್ಲ ಬಂದಿದೆ ಅಂದವರನ್ನೇ ನೋಡಿದ್ದ ನನಗೆ, ಬಂದ ಮನೆಯನ್ನು ಬಂದಿಲ್ಲ ಅನ್ನುವವರು ಸಿಕ್ಕಿದ್ದು ಇದೇ ಮೊದಲು. ಅವರ ವಿನಯಕ್ಕೆ ಮನಸೋತು, ಅವರನ್ನು ಒಪ್ಪಿಸಿಯೇ ತೀರಬೇಕೆಂದು ಫೋನ್ ತೆಗೆದೆ. ಅನ್ವರ್ ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು.

"ಇದ್ರಲ್ಲಿ ಕಂಬ ನಾಲ್ಕಿದೆ ಸಾರ್. ನಮ್ದು ಮೂರೇ."

"ಒಂದು ಬಿದ್ದುಹೋಗಿರಬೇಕು" ಅಂದೆ.

"ಕಂಬ ಬಿದ್ರೆ ಜಗಲಿ ಬಿದ್ದೋಗಲ್ವಾ?"

ಮೆಟ್ಟಿಲು ನಡೆಯುವುದಿಲ್ಲ ಎಂದು ಊರೆಲ್ಲ ವಾದ ಮಾಡಿದವನು ನಾನು, ಕಂಬ ಮಾತ್ರ ಹೇಳದೆ ಕೇಳದೆ ಎದ್ದು ಹೋಗಬಹುದು ಎಂದು ನಂಬಿದ್ದೆ. ಚಿತ್ರವನ್ನು ಇನ್ನೂ ದೊಡ್ಡದು ಮಾಡಿದೆ. ಮೆಟ್ಟಿಲಿನ ಪಕ್ಕದ ಕಿಟಕಿಯಲ್ಲಿ ಎರಡು ಜಡೆಯ ಒಂದು ಹುಡುಗಿ ಹಲ್ಲು ಬಿಟ್ಟುಕೊಂಡು ನಿಂತಿತ್ತು, ಮಸುಕು ಮಸುಕಾಗಿ. "ನೋಡಿ, ಇದು ನಿಮ್ಮ ತಂಗಿ ಇರಬೇಕು" ಅಂದೆ.

"ನನ್ಗೆ ತಂಗಿನೇ ಇಲ್ಲ ಸಾರ್."

"ಹಾಗಾದರೆ ನೆಂಟರ ಮಗು. ರಜೆಗೆ ಬಂದಿರುತ್ತೆ."

ಮೇಷ್ಟ್ರು ಹೇಳಿದ ಮೇಲೆ ಇರಬಹುದೇನೋ ಎಂದು ಅವರು ನಿಧಾನವಾಗಿ ಒಪ್ಪಿದರು. ಎರಡನೇ ಲೋಟ ಟೀ ಮುಗಿಯುವ ಹೊತ್ತಿಗೆ ಅವರಿಗೆ ಶೂಟಿಂಗಿನ ಲೈಟುಗಳು ಸ್ವಲ್ಪ ಸ್ವಲ್ಪ ನೆನಪಿಗೆ ಬರತೊಡಗಿದ್ದವು. ಮುಂದಿನ ವಾರ ಅವರೇ ಫೋನ್ ಮಾಡಿ, ಆ ಚಿತ್ರವನ್ನು ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ ಎಂದು ತಿಳಿಸಿದರು.

ನನ್ನ ವಿಜಯೋತ್ಸವಕ್ಕೆ ನಾನು ಆರಿಸಿಕೊಂಡದ್ದು ಹೊಸತೊಡಕು. ಯುಗಾದಿಯ ಮಾರನೆಯ ದಿನ ಶಿಡ್ಲಘಟ್ಟದಲ್ಲಿ ಕೋಳಿ ಸಾರು, ಮುದ್ದೆ, ಅತ್ತೆಯ ಮನೆಯವರೆಲ್ಲ ಒಂದೇ ಕಡೆ. ಹೆಂಡತಿಯನ್ನು ಒಬ್ಬಳನ್ನೇ ಸೋಲಿಸುವುದಕ್ಕಿಂತ ತವರಿನ ಸಮೇತ ಸೋಲಿಸಿದರೆ ಮತ್ತೆ ತಲೆ ಎತ್ತುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಊಟಕ್ಕೆ ಇನ್ನೂ ಹೊತ್ತಿತ್ತು. ಮಂಜುಳಳ ಅಣ್ಣನ ಮಗಳು ಕೀರ್ತನಾ ನನ್ನ ಫೋನನ್ನು ಟೀವಿಗೆ ಜೋಡಿಸಿದಳು. ನಾನು ನಡುಮನೆಯಲ್ಲಿ ಎದ್ದು ನಿಂತು, ಪಾಠ ಮಾಡುವ ಧ್ವನಿಯಲ್ಲಿ ಶುರುಮಾಡಿದೆ. ಗೌರಿಬಿದನೂರಿನ ಮೊಬೈಲ್ ಅಂಗಡಿ, ಚಿಂತಾಮಣಿಯ ಓಣಿ, ಅನ್ವರ್ ಸಾಹೇಬರ ಮೆಟ್ಟಿಲು, ಅವರ ನೆಂಟರ ಮಗು, ಒಂದನ್ನೂ ಬಿಡಲಿಲ್ಲ. ಎಲ್ಲರೂ ಟೀವಿ ನೋಡಿದರು. ಮೆಟ್ಟಿಲು ಬಲಗಡೆಗಿತ್ತು. ನನ್ನ ಭಾವಮೈದ ಬಾಗಿಲಿಗೆ ಹೋಗಿ ತಮ್ಮ ಮೆಟ್ಟಿಲನ್ನು ನೋಡಿಕೊಂಡು ಬಂದು ಕೂತ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಂಜುಳ ಟೀವಿಗೆ ಬೆನ್ನು ಹಾಕಿ ಮುದ್ದೆ ತಿರುವಲು ಒಳಗೆ ಹೋದಳು. ನಾನು ಮುಂದಿನ ಸಾಕ್ಷಿ ತೋರಿಸಲೆಂದು ಚಿತ್ರವನ್ನು ಓಡಿಸಲು ಕೈ ಹಾಕಿದೆ.

"ಓಡಿಸ್ಬೇಡಿ ಇರಿ. ಕತೆ ನೋಡಣ" ಅಂದರು ನಮ್ಮತ್ತೆ. ಅಳಿಯನಾದವನು ಹೊಸತೊಡಕಿನ ದಿನ ಅತ್ತೆಯ ಮಾತು ಮೀರಬಾರದು, ಕೋಳಿಯ ತೊಡೆ ಅವರ ಕೈಯಲ್ಲಿರುತ್ತದೆ. ಬಿಟ್ಟೆ. ಟೀವಿಯಲ್ಲಿ ತಹಶೀಲ್ದಾರರೂ ಮೂವರು ಅಳಿಯಂದಿರೂ ಸಾಲಾಗಿ ಊಟಕ್ಕೆ ಕೂತರು. ನಮ್ಮತ್ತೆ ಮುಂದಕ್ಕೆ ಬಗ್ಗಿ ನೋಡಿದರು. ಅವರಿಗೆ ಆಶ್ಚರ್ಯವಾದರೆ ತೆಲುಗು ಬರುತ್ತದೆ. "ಇದೇಂಟಮ್ಮಾ ಇದು. ಮನೆಮಂದಿಯೆಲ್ಲ ಎಡಗೈಲಿ ಉಣ್ತಾವ್ರೆ."

"ಹಾಸ್ಯ ಅಲ್ವಾ ಅತ್ತೆ, ನಗ್ಸೋಕೆ ಹಾಗೆ ಮಾಡಿರ್ತಾರೆ" ಅಂದೆ.

ಮಂಜುಳ ಮುದ್ದೆ ಕೋಲು ಹಿಡಿದುಕೊಂಡೇ ಹೊರಬಂದಳು. ಮೊದಲ ಸಲ ಸರಿಯಾಗಿ ನೋಡಿದಳು. "ಹೆಂಗಸ್ರ ಸೆರಗೆಲ್ಲ ಯಾಕ್ರೀ ಬಲಗಡೆ ಹೆಗಲ ಮೇಲಿದೆ?"

"ಕಥೇಲಿ ಅವರು ಗುಜರಾತಿನ ಕಡೆಯವರು ಇರಬಹುದು."

"ಮುದ್ದೆ ಉಣ್ತಿದಾರೆ" ಅಂದಳು.

ಕೀರ್ತನಾ ನಗತೊಡಗಿದಳು. "ಮಾವ, ಇದು ಫ್ಲಿಪ್ ಮಾಡಿರೋ ವಿಡಿಯೋ. ಚಾನೆಲ್‌ನೋರು ಕಾಪಿರೈಟ್ ಅಂತ ತೆಗೆಸ್ಬಾರ್ದು ಅಂತ ಅಪ್‌ಲೋಡ್ ಮಾಡೋರು ಹಿಂಗೆ ಉಲ್ಟಾ ಹಾಕ್ತಾರೆ. ಕನ್ನಡೀಲಿ ಕಂಡಂಗೆ. ಎಸ್ಸೆಸ್ಸೆಲ್ಸಿ ರಜೇಲಿ ನಂಗೆ ಕನ್ನಡಿ ಪಾಠ ಹೇಳ್ಕೊಟ್ಟಿದ್ದೇ ನೀವಲ್ವಾ? ಆಂಬುಲೆನ್ಸ್ ಮೇಲೆ ಅಕ್ಷರ ಯಾಕೆ ತಿರುಗಿಸಿ ಬರೀತಾರೆ ಅಂತ?"

ಹೌದು, ನಾನೇ. ಪ್ರತಿ ವರ್ಷ ಹೇಳಿಕೊಡುತ್ತೇನೆ, ಪರೀಕ್ಷೆಯಲ್ಲೂ ಕೇಳುತ್ತೇನೆ, ಬರೆಯದವರಿಗೆ ಬೈಯುತ್ತೇನೆ. ತಹಶೀಲ್ದಾರರ ಅಂಗಿಯ ಜೇಬು ಬಲಗಡೆಗಿದ್ದದ್ದು ಆಗ ನನಗೆ ಕಂಡಿತು.

ಕೀರ್ತನಾ ಫೋನಿನಲ್ಲಿ ಏನೇನೋ ಒತ್ತಿ ಚಿತ್ರವನ್ನು ತಿರುಗಿಸಿದಳು. ಟೀವಿಯಲ್ಲಿ ಮೆಟ್ಟಿಲು ಬಲಗಡೆಯಿಂದ ಎಡಗಡೆಗೆ ಬಂದು ನಿಂತಿತು. ಎಲ್ಲರೂ ಎದ್ದು ಹೊರಗೆ ಹೋಗಿ ಜಗಲಿ ನೋಡಿದರು, ನಾನೂ ಹೋದೆ. ಕಂಬ ನಾಲ್ಕೂ ಇದ್ದವು, ಒಂದೂ ಎಲ್ಲಿಗೂ ಹೋಗಿರಲಿಲ್ಲ. ಇನ್ನು ಮಂಜುಳ ಶುರುಮಾಡುತ್ತಾಳೆ ಎಂದು ನಾನು ಮೈ ಬಿಗಿ ಹಿಡಿದು ಒಳಗೆ ಬಂದೆ. ಅವಳು ಹೊರಗೆ ಬಂದೇ ಇರಲಿಲ್ಲ. ಟೀವಿಗೆ ಮುಖ ತಾಗುವಷ್ಟು ಹತ್ತಿರ ನಿಂತು ಆ ಕಿಟಕಿಯನ್ನು ನೋಡುತ್ತಿದ್ದಳು.

"ಅಮ್ಮ, ಆ ಲಂಗ" ಅಂದಳು.

"ನಿಮ್ಮಪ್ಪ ತಂದ ಬಟ್ಟೆ ಕಣೇ. ನಾನೇ ಹೊಲಿದಿದ್ದು" ಅಂದರು ನಮ್ಮತ್ತೆ. "ನೋಡು, ಬೈಸ್ಕೊಂಡ ಮೇಲೂ ಹೆಂಗೆ ನಗ್ತಾ ಇದ್ದೀಯ."

ಆ ನಗು ನನಗೆ ಚೆನ್ನಾಗಿ ಗೊತ್ತು. ವಾದದಲ್ಲಿ ಗೆಲ್ಲುವ ಮುಂಚೆ ಅವಳ ಮೇಲ್ತುಟಿ ಒಂದು ಕಡೆ ಸ್ವಲ್ಪ ಎತ್ತಿಕೊಳ್ಳುತ್ತದೆ, ಈಗಲೂ ಹಾಗೆಯೇ. ಅದನ್ನು ದಿನಾ ನೋಡುತ್ತೇನೆ. ಆ ಮಗುವನ್ನು ಕೂಡ ಬೇಸಿಗೆಯಿಂದ ಹೆಚ್ಚುಕಡಿಮೆ ದಿನಾ ನೋಡಿದ್ದೇನೆ, ಪಕ್ಕದ ಮೆಟ್ಟಿಲನ್ನು ನೋಡುವ ಅವಸರದಲ್ಲಿ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮಂಜುಳ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ತುಟಿ ಒಂದು ಕಡೆ ಎತ್ತಿಕೊಂಡಿತು.

"ಅನ್ವರ್ ಸಾಹೇಬ್ರ ನೆಂಟ್ರ ಮಗು ಅಂದ್ರಂತಲ್ಲ?"

ಅನ್ವರ್ ಸಾಹೇಬರಿಗೆ ಮಾರನೆಯ ದಿನ ಫೋನ್ ಮಾಡಿ ಕ್ಷಮೆ ಕೇಳಿದೆ. "ನಾನು ಅವತ್ತೇ ಹೇಳಿದ್ನಲ್ಲ ಸಾರ್, ನಮ್ದು ಮೂರೇ ಕಂಬ ಅಂತ" ಅಂದರು. ಫೋಟೋ ಇಳಿಸಿಬಿಡಿ ಅಂದದ್ದಕ್ಕೆ ಒಪ್ಪಲಿಲ್ಲ. "ಇರ್ಲಿ ಬಿಡಿ. ಚೆನ್ನಾಗಿದೆ. ಕೇಳಿದವರಿಗೆ ಇನ್ಮೇಲೆ ಮೇಷ್ಟ್ರ ಮನೆಯೋರ ಫೋಟೋ ಅಂತ ಹೇಳ್ತೀನಿ" ಅಂದರು. ಮಂಜುಳ ಚಿಂತಾಮಣಿಗೆ ಹೋಗಿ ಅದನ್ನು ನೋಡಿ, ಅವರ ಅಂಗಡಿಯಲ್ಲೇ ಒಂದು ಜೊತೆ ಚಪ್ಪಲಿ ತೆಗೆದುಕೊಂಡು ಬಂದಳು. ಆ ಮನೆಗೂ ನಮಗೂ ಈಗ ಹಬ್ಬಕ್ಕೆ ಹೋಗಿಬರುವಷ್ಟು ಬಳಕೆಯಾಗಿದೆ.

ಒಂದು ಲಾಭವೂ ಆಗಿದೆ ಅನ್ನಿ. "ನಮ್ಮನೆ ಟೀವೀಲಿ ಬಂದಿತ್ತು" ಎಂಬ ಮಾತು ನಮ್ಮಲ್ಲಿ ಕೇಳಿಸುವುದೇ ಇಲ್ಲ. ಮೊನ್ನೆ ಹಾಲು ಉಕ್ಕಿಸಿದ್ದು ಯಾರು ಎಂಬ ಪ್ರಶ್ನೆ ಎದ್ದಿತ್ತು. ಒಲೆಯ ಮುಂದೆ ನಿಂತಿದ್ದವಳು ಅವಳೇ, ಕಣ್ಣಾರೆ ಕಂಡಿದ್ದೇನೆ, ಹಾಗೆಂದು ಹೇಳಿದೆ ಕೂಡ. ಮಂಜುಳ ಜಗಳವಾಡಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ. "ನೀವು ಬಿಡಿ, ಕಟ್ಕೊಂಡ ಹೆಂಡ್ತಿನೇ ಕಣ್ಣೆದುರಿಗಿದ್ರೂ ಗುರುತು ಸಿಗದವರು" ಅಂದಳು. ನಾನು ಬಟ್ಟೆ ತಂದು ಒಲೆ ಒರೆಸಿದೆ. ಅವಳ ಹಳೆಯ ಮಾತಿನ ಮೇಲಾದರೆ ಅಷ್ಟೋ ಇಷ್ಟೋ ಅನುಮಾನ ಪಡಬಹುದಿತ್ತು. ಇದರ ಮೇಲೆ ಅದೂ ಆಗದು. ನಾಲ್ಕು ಊರು ಅಲೆದು, ಸ್ಕೂಟರ್ ಬೀಳಿಸಿಕೊಂಡು, ನನ್ನದೇ ಪೆಟ್ರೋಲಿನಲ್ಲಿ ನಾನೇ ಹುಡುಕಿ ತಂದುಕೊಟ್ಟ ಮಾತು ಅದು.