ಚುಟುಕಾಗಿ ಬರೆಯಲು ಹೋಗಿ

ನಮ್ಮ ಕಡೆ ಬಾಯ್ತುಂಬಾ ಮಾತಾಡುವವರ ಮೇಲೆ ಯಾರಿಗೂ ಅನುಮಾನವಿಲ್ಲ. ಸ್ವಲ್ಪದರಲ್ಲಿ ಮುಗಿಸಿ ನೋಡಿ, ಊರಿಗೇ ಸಂಶಯ. ಯಡ್ತರೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ ನನಗೆ ಬರೆಯುವ ಹುಚ್ಚು. ಕುಂದಾಪುರದ ವಾರಪತ್ರಿಕೆಯೊಂದರ ಸಂಪಾದಕರು, "ಚುಟುಕಾಗಿ, ನಿಮ್ಮದೇ ಶೈಲಿಯಲ್ಲಿ ಬರೆದು ತನ್ನಿ. ಹಿಡಿಸಿದರೆ ವಾರವಾರ ಅಂಕಣ" ಅಂದುಬಿಟ್ಟರು. ಆ ಅಂಕಣಕ್ಕಾಗಿ ನಾನು ಊಟ ಬಿಡಲೂ ತಯಾರು. ಅವತ್ತಿಂದಲೇ ಅಭ್ಯಾಸ ಶುರು.

೧. ಪೂಜೆಯ ಹೇಳಿಕೆ

ಬ್ರಹ್ಮಾವರದಲ್ಲಿರುವ ಗಂಡನ ಅಕ್ಕನಿಗೆ ವಾಟ್ಸಾಪ್ ಮಾಡಿದೆ: "ಭಾನುವಾರ ಪೂಜೆ. ಊಟಕ್ಕೆ ಬನ್ನಿ." ನಮ್ಮಲ್ಲಿ ಊಟಕ್ಕೆ ಕರೆಯುವ ಹೇಳಿಕೆ ಅಂದರೆ "ಎಲ್ರೂ ಬರ್ಕ್, ಹಿಂದಿನ ದಿನವೇ ಬರ್ಕ್, ಅಕಾ?" ಅಂತ ಮತ್ತೆ ಮತ್ತೆ ಒತ್ತಾಯ ಮಾಡಬೇಕು. ತಕ್ಷಣ ಫೋನು ಬಂತು.

"ಎಂತ ಮಾರಾಯ್ತಿ, ನಾವ್ ಬಪ್ದ್ ಬ್ಯಾಡ್ದಾ?"

"ಅಯ್ಯೋ ಅತ್ತಿಗೆ, ಬನ್ನಿ ಅಂತ್ಲೇ ಬರ್ದದ್!"

"ಬರ್ದದ್ ಕಂಡೆ. ಮನ್ಸಿಲ್ದೆ ಬರ್ದದ್ದೂ ಕಂಡೆ."

೨. ಉಳಿದ ಜಾಗ

ಭಜನಾ ಮಂಡಳಿಯ ವಾರ್ಷಿಕೋತ್ಸವದ ವರದಿ ಬರೆದೆ. ವೇದಿಕೆಯಲ್ಲಿದ್ದವರ ಹೆಸರನ್ನೆಲ್ಲ ಕತ್ತರಿಸಿ "ಗಣ್ಯರಿದ್ದರು" ಅಂತ ಮುಗಿಸಿ, ಮಂಡಳಿಯ ಗ್ರೂಪಿಗೆ ಹಾಕಿದೆ. ಮರುದಿನ ಅಂಗಡಿ ಬಾಗಿಲು ತೆಗೆಯುವಾಗಲೇ, ಅಲ್ಲಿ ವಂದನಾರ್ಪಣೆ ಮಾಡಿದ್ದ ಹಿರಿಯರು ಹಾಜರ್.

"ನನ್ ಹೆಸ್ರ್ ತೆಗುಕೆ ಯಾರ್ ಹೇಳ್ದದ್?"

"ಯಾರೂ ಹೇಳ್ಲಿಲ್ಲ. ಜಾಗ ಉಳ್ಸುಕೆ ತೆಗ್ದೆ."

"ಉಳ್ಸಿ ಯಾರಿಗ್ ಕೊಡುಕೆ?"

೩. ಸಾಕ್ಷಿ

ಅಂತೂ ಹೊಡೆದು ತಿದ್ದಿ ಒಂದು ಲೇಖನ ಮುಗಿಸಿ, ನಮ್ಮ ಮನೆಯವರ ಜೊತೆ ಸ್ಕೂಟರಿನಲ್ಲಿ ಕುಂದಾಪುರಕ್ಕೆ ಹೋದೆ. ಸಂಪಾದಕರು ಓದಿದರು, ಕನ್ನಡಕ ತೆಗೆದರು, ನನ್ನನ್ನೇ ನೋಡಿದರು.

"ಒಂದು ಮಾತೂ ಹೆಚ್ಚಿಲ್ಲ. ಇದು ಮೊಬೈಲಿನ ಎಐ ಬರೆದು ಕೊಟ್ಟದ್ದಲ್ವಾ?"

ನನಗೆ ಅಳುವೇ ಬಂತು. "ದೇವ್ರಾಣೆ ನಾನೇ ಬರ್ದದ್! ಬೇಕಾರೆ ಇವ್ರನ್ನ್ ಕೇಣಿ."

ನಮ್ಮ ಮನೆಯವರು ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಹಾಳೆ ಹಿಡಿದು ಪೂರಾ ಓದಿ ತಲೆ ಅಲ್ಲಾಡಿಸಿದರು.

"ಸತ್ಯ ಹೇಳ್ಕಾ? ಇದ್ ಇವಳ್ದಲ್ಲ. ಇಷ್ಟ್ ಬೇಗ ಇವ್ಳ್ ಯಾವತ್ತೂ ಮುಗ್ಸಿದ್ದಿಲ್ಲ. ಇವತ್ತೇ ಕಾಣಿ, ಯಡ್ತರೆಲ್ ಶುರು ಮಾಡಿದ್ ಮಾತ್, ತ್ರಾಸಿ ದಾಟ್ರೂ ಮುಗಿಲಿಲ್ಲ."

ಅಂಕಣ ಕೈಬಿಟ್ಟು ಹೋಯಿತಲ್ಲ ಅಂತ ಸಿಟ್ಟು ಬಂತು. ಗಂಡನ ಕಡೆ ತಿರುಗಿ ಅಂದೆ:

"ಮನಿಗ್ ಹೋಪ."

ಅವರ ಮುಖ ಬಿಳುಚಿತು. ಕೈಯಲ್ಲಿದ್ದ ಹಾಳೆ ನಡುಗಿತು.

ಸಂಪಾದಕರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹಾಳೆಯನ್ನು ಮೆಲ್ಲ ತಮ್ಮ ಕಡೆ ಎಳೆದುಕೊಂಡರು.

"ಅಂಕಣ ನಿಮ್ಮದೇ ಅಕ್ಕ. ಎರಡೇ ಮಾತಲ್ಲಿ ಗಂಡನನ್ನು ಹೀಗೆ ನಡುಗಿಸುವ ಮೊಬೈಲ್ ಇನ್ನೂ ಬಂದಿಲ್ಲ."