ಕೆಂಪು ರಬ್ಬರ್ ಬ್ಯಾಂಡಿನ ಬಾಟಲಿ

ಪುಡಿ ಮೇಷ್ಟ್ರ ಒಂಬತ್ತು ವರ್ಷದ ಆಸೆಗೆ ಕಲ್ಲು ಹಾಕಿದ್ದು ಒಂದು ಬಿಕ್ಕಳಿಕೆ. ಅದಕ್ಕೆ ಬೇರೆ ದಿನವೇ ಸಿಗಲಿಲ್ಲವೇನೋ, ಸರಿಯಾಗಿ ಅವತ್ತು ಬೆಳಿಗ್ಗೆಯೇ ವಕ್ಕರಿಸಿತು.

ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಬಾಟಲಿ ಕಾರ್ಖಾನೆಯ ಲ್ಯಾಬಿನಲ್ಲಿ ಹಂಗಾಮಿ ಸಹಾಯಕ. ಕೈಗೆ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಪಾಠ ಮಾಡುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಪಾಠವೂ ಒಂದೇ. ಪ್ಲಾಸ್ಟಿಕ್ ಬಾಟಲಿ ನಮ್ಮ ಕಣ್ಣಿಗೆ ಗೋಡೆ, ಸೋಡಾದ ಗ್ಯಾಸಿಗೆ ಸೊಳ್ಳೆಪರದೆ; ಮೆಲ್ಲಗೆ ತೂರಿಕೊಂಡು ಹೊರಗೆ ಹೋಗುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಕಾಳು ಕರಗಿಸುವಾಗ ತಮ್ಮ ಬಿಳಿ ಪುಡಿಯನ್ನು ಒಂದು ಚಿಟಿಕೆ ಬೆರೆಸಿದರೆ ಆ ಓಡಾಟ ಬಂದ್.

ಅದನ್ನು ತೋರಿಸಲೆಂದೇ ಲ್ಯಾಬಿನ ಬೀರುವಿನಲ್ಲಿ ಹನ್ನೆರಡು ವಾರದಿಂದ ಎರಡು ಸೋಡಾ ಬಾಟಲಿಗಳು ಕೂತಿದ್ದವು. ಒಂದು ಪುಡಿ ಹಾಕಿದ್ದು, ಇನ್ನೊಂದು ಹಾಕದ್ದು. ಎರಡೂ ಅವಳಿ ಮಕ್ಕಳಂತೆ ಒಂದೇ ಥರ. ಚೀಟಿ ಅಂಟಿಸಿದರೆ ಅಷ್ಟು ಜಾಗದಲ್ಲಿ ಗ್ಯಾಸ್ ಹೊರಗೆ ಹೋಗಲಾರದೆ ಪರೀಕ್ಷೆ ಕೆಡುತ್ತದೆಂದು ಮೇಷ್ಟ್ರು ಹಟ ಹಿಡಿದು, ಪುಡಿ ಹಾಕಿದ್ದರ ಕುತ್ತಿಗೆಗೆ ಬರೀ ಒಂದು ಕೆಂಪು ರಬ್ಬರ್ ಬ್ಯಾಂಡ್ ಹಾಕಿದ್ದರು. ಅವತ್ತು ಹನ್ನೊಂದು ಗಂಟೆಗೆ ಸೋಡಾ ಕಂಪನಿಯ ಮೇಡಂ ಬಂದು ಪರೀಕ್ಷೆ ಮಾಡುವವರಿದ್ದರು. "ಪುಡಿ ಗೆದ್ರೆ ನಿಮ್ಮ ಕೆಲಸ ಕಾಯಂ" ಎಂದಿದ್ದರು ಮ್ಯಾನೇಜರು. ಮೇಷ್ಟ್ರ ಹೆಂಡತಿಯಂತೂ ಕಾಯಂ ಆಗಿಯೇ ಹೋಯಿತೆಂದು ನೆಂಟರಿಗೆಲ್ಲ ಹೇಳಿಬಿಟ್ಟಿದ್ದಳು.

ಒಂಬತ್ತೂಕಾಲಿಗೆ ಶುರುವಾಯಿತು. ಹಿಕ್!

"ಯಾರೋ ನೆನೆಸ್ಕೋತಿದಾರೆ" ಎಂದರು ಟೈಪಿಸ್ಟಮ್ಮ. "ಉಸಿರು ಬಿಗಿ ಹಿಡೀರಿ."

ಹಿಡಿದರು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತೇ ಹೊರತು ಬಿಕ್ಕಳಿಕೆ ಜಗ್ಗಲಿಲ್ಲ.

"ಹೆದರಿಸಬೇಕು" ಎಂದು ಸ್ಟೋರ್ ಕೀಪರ್ ಹಿಂದಿನಿಂದ ಬಂದು ತಗಡಿನ ಡಬ್ಬ ಬಡಿದ. ಟೈಪಿಸ್ಟಮ್ಮ ಕಿರುಚಿದರು, ಮೇಷ್ಟ್ರು ಬಿಕ್ಕಿದರು.

"ಕಣ್ಣು ಮುಚ್ಚಿ, ತಲೆ ಎತ್ತಿ, ಒಂದೇ ಉಸಿರಿಗೆ ನೀರು ಕುಡೀರಿ!" ಎಂದವನೇ ಅವನು ಮೇಷ್ಟ್ರ ಗದ್ದ ಎತ್ತಿ ಹಿಡಿದು, ಬಾಯಿಗೆ ಏನನ್ನೋ ಸುರಿಯತೊಡಗಿದ. ಗಟಗಟನೆ ಎಲ್ಲವೂ ಒಳಗೆ ಹೋಯಿತು. ಬಿಕ್ಕಳಿಕೆ ನಿಂತಿತು. ಮೇಷ್ಟ್ರು ಕಣ್ಣು ಬಿಟ್ಟರು. ಸ್ಟೋರ್ ಕೀಪರನ ಕೈಯಲ್ಲಿ ಖಾಲಿ ಬಾಟಲಿ. ಅದರ ಕುತ್ತಿಗೆಯಲ್ಲಿ ಕೆಂಪು ರಬ್ಬರ್ ಬ್ಯಾಂಡ್.

"ಅಯ್ಯೋ ಪಾಪಿ! ಇದು ಎಲ್ಲಿ ಸಿಕ್ತೋ ನಿನಗೆ?"

"ಬೀರು ತೆಗೆದಿತ್ತಲ್ಲ ಮೇಷ್ಟ್ರೇ. ಅವಸರಕ್ಕೆ ಮುಂದೆ ಕಂಡದ್ದು ತಗೊಂಡೆ."

ಕುಡಿದುಬಿಟ್ಟದ್ದು ಒಂದು ಸಂಕಟ. ಅದಕ್ಕಿಂತ ದೊಡ್ಡ ಸಂಕಟ ನಾಲಿಗೆಯ ಮೇಲಿತ್ತು: ಕುಡಿದದ್ದು ಸೋಡಾದ ಹಾಗೇ ಇರಲಿಲ್ಲ. ನಾಲಿಗೆಗೆ ಚುರುಕಿಲ್ಲ, ಒಂದು ತೇಗೂ ಇಲ್ಲ, ಬರೀ ಸಪ್ಪೆ ನೀರು. ಅಂದರೆ ಪುಡಿ ಸೋತಿತ್ತು. ಒಂಬತ್ತು ವರ್ಷ ಹಿಟ್ಟು ಕಲಸಿದ್ದೇ ಬಂತು ಎಂದು ಅವರು ಸ್ಟೂಲಿನ ಮೇಲೆ ಕುಸಿದರು. ನಿಜಕ್ಕೂ ಕಣ್ಣಲ್ಲಿ ನೀರು ಬಂತು.

"ಅಳಬೇಡಿ" ಎಂದ ಸ್ಟೋರ್ ಕೀಪರ್. "ಎದುರಿನ ಅಂಗಡೀಲಿ ಸೋಡಾ ಇದೆ, ನನ್ನ ಹತ್ರ ಹೊಸ ಮುಚ್ಚಳ ಇದೆ. ಮೇಡಂಗೆ ಹೇಗೆ ಗೊತ್ತಾಗುತ್ತೆ?"

ಬೇಡ ಎನ್ನಬೇಕೆಂದು ಮೇಷ್ಟ್ರು ಬಾಯಿ ತೆರೆದರು. ನೆಂಟರೆಲ್ಲ ಸಾಲಾಗಿ ಕಣ್ಣ ಮುಂದೆ ಬಂದು ನಿಂತರು. ಬಾಯಿ ಮುಚ್ಚಿಕೊಂಡರು.

ಗ್ಯಾಸ್ ಹಾರದಂತೆ ಬಾಟಲಿಯನ್ನು ಓರೆ ಹಿಡಿದು, ಮಗುವಿಗೆ ಔಷಧಿ ಕುಡಿಸುವ ಹಾಗೆ ಹೊಸ ಸೋಡಾ ತುಂಬಿದರು. ಮೊದಲ ಸಲ ಅರ್ಧ ಸೋಡಾ ಟೈಪಿಸ್ಟಮ್ಮನ ಕಾಗದಗಳ ಮೇಲೆ ಚಿಮ್ಮಿತು, ಎರಡನೆಯ ಸಲ ಸ್ಟೋರ್ ಕೀಪರನ ಮೂಗಿಗೆ. ಮೂರನೆಯ ಸಲ ಮುಚ್ಚಳ ಕೂತಿತು. ಬ್ಯಾಂಡ್ ನೆಟ್ಟಗೆ ಮಾಡುವ ಹೊತ್ತಿಗೆ ಹೊರಗೆ ಕಾರು ನಿಂತಿತು.

ಮೇಡಂ ಹೆಚ್ಚು ಮಾತಿನವರಲ್ಲ. ಕೆಂಪು ಬ್ಯಾಂಡಿನ ಬಾಟಲಿಯ ಮುಚ್ಚಳಕ್ಕೆ ಗ್ಯಾಸಿನ ಒತ್ತಡ ಅಳೆಯುವ ಮೀಟರಿನ ಸೂಜಿ ಚುಚ್ಚಿದರು. ಮುಳ್ಳು ಸರ್ರನೆ ಏರಿ ಐವತ್ತೆರಡರಲ್ಲಿ ನಿಂತಿತು.

"ಹನ್ನೆರಡು ವಾರ ಆದ್ಮೇಲೂ ಇಷ್ಟಾ? ಭೇಷ್!"

ಮ್ಯಾನೇಜರು ಮೇಷ್ಟ್ರ ಬೆನ್ನು ತಟ್ಟಿದರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ಈಗ ಪುಡಿ ಹಾಕದ್ದು" ಎಂದರು ಮೇಡಂ.

ಇನ್ನೊಂದು ಬಾಟಲಿಗೆ ಸೂಜಿ ಇಳಿಯಿತು. ಮುಳ್ಳು ಏರಿತು, ಐವತ್ತೆರಡನ್ನು ದಾಟಿತು, ಐವತ್ತನಾಲ್ಕಕ್ಕೆ ಹೋಗಿ ನಿಂತಿತು.

ಬಾಗಿಲ ಹತ್ತಿರ ಪೊರಕೆ ಹಿಡಿದು ನೋಡುತ್ತಿದ್ದ ಗುಡಿಸುವ ಅಕ್ಕ ಟೈಪಿಸ್ಟಮ್ಮನ ಕಿವಿಯಲ್ಲಿ ಹೇಳಿದ್ದು ಮೇಷ್ಟ್ರಿಗೂ ಕೇಳಿಸಿತು: "ಆ ರಬ್ಬರ್ ಬ್ಯಾಂಡ್ ನಿನ್ನೆ ಧೂಳು ಒರೆಸುವಾಗ ಕಳಚಿ ಬಿದ್ದಿತ್ತಮ್ಮ. ಎರಡೂ ಒಂದೇ ಥರ ಇದ್ವು, ಕೈಗೆ ಸಿಕ್ಕಿದ್ದಕ್ಕೆ ಹಾಕ್ದೆ."

ಮೇಷ್ಟ್ರಿಗೆ ಆಗ ಹೊಳೆಯಿತು. ತಾವು ಕುಡಿದ ಸಪ್ಪೆ ನೀರು ಪುಡಿ ಹಾಕದ್ದು! ಪುಡಿ ಹಾಕಿದ ಬಾಟಲಿ ಇಗೋ ಇಲ್ಲೇ, ಹನ್ನೆರಡು ವಾರದ ಗ್ಯಾಸನ್ನು ಹೊಟ್ಟೆಯಲ್ಲಿಟ್ಟುಕೊಂಡು, ಐವತ್ತನಾಲ್ಕು ತೋರಿಸುತ್ತಿದೆ. ಪುಡಿ ಗೆದ್ದಿದೆ!

"ಮೇಡಂ, ಅದು ನಿಜವಾಗ್ಲೂ..." ಎಂದು ಶುರುಮಾಡಿದರು.

ಸ್ಟೋರ್ ಕೀಪರ್ ಕಾಲು ತುಳಿದ. ನಿಜ ಹೇಳಬೇಕಾದರೆ ಅಂಗಡಿ ಸೋಡಾದಿಂದ ಶುರುಮಾಡಬೇಕು. ಮೇಷ್ಟ್ರು ಮಾತು ಅಲ್ಲಿಗೇ ಬಿಟ್ಟು ಕಾಲು ಹಿಂದಕ್ಕೆಳೆದುಕೊಂಡರು.

"ಇದರಲ್ಲಿ ಹೇಳೋದೇನಿದೆ?" ಎಂದರು ಮೇಡಂ. "ಪುಡಿ ಹಾಕಿದ್ರೆ ಎರಡು ಕಡಿಮೆ. ನಿಮ್ಮ ಸಾದಾ ಬಾಟಲಿನೇ ಸಾಕು. ಹತ್ತು ಲಕ್ಷ ಕಳಿಸಿ."

ಮ್ಯಾನೇಜರ ಮುಖ ಅರಳಿತು. "ಆಗಲಿ ಮೇಡಂ! ಪುಡಿ ಇವತ್ತಿಗೇ ನಿಲ್ಲಿಸ್ತೀವಿ. ಮೇಷ್ಟ್ರೇ, ನಾಳೆಯಿಂದ ನೀವು ಮುಚ್ಚಳ ಎಣಿಸೋ ಕಡೆ ಹೋಗಿ. ಹಂಗಾಮಿ ಅಂತಲೇ ಇರಲಿ."

ಮೇಷ್ಟ್ರು ಏನೋ ಹೇಳಹೋದರು. ಬಂದದ್ದು "ಹಿಕ್!"

ಸ್ಟೋರ್ ಕೀಪರ್ ತಡಮಾಡಲಿಲ್ಲ. ಮೇಜಿನ ಮೇಲಿದ್ದ ಐವತ್ತನಾಲ್ಕರ ಬಾಟಲಿಯ ಮುಚ್ಚಳ ತಿರುಗಿಸಿ ಮೇಷ್ಟ್ರ ಬಾಯಿಗಿಟ್ಟ. ಸೋಡಾ ನಾಲಿಗೆ ಸುಟ್ಟಿತು, ಮೂಗಿಗೇರಿತು, ಕಣ್ಣಲ್ಲಿ ನೀರು ತರಿಸಿತು. ಮರುಕ್ಷಣ ಮೇಷ್ಟ್ರ ಹೊಟ್ಟೆಯಿಂದ ಕಿಟಕಿಯ ಗಾಜು ನಡುಗುವಂಥ ಒಂದು ತೇಗು ಹೊರಟಿತು. ತಮ್ಮ ಪುಡಿಯ ಗೆಲುವನ್ನು ಲೋಕಕ್ಕೆ ಸಾರಲು ಅವರಿಗೆ ಉಳಿದದ್ದು ಅದೊಂದೇ.

ಮ್ಯಾನೇಜರು ಹೆಮ್ಮೆಯಿಂದ ಮೇಡಂ ಕಡೆ ತಿರುಗಿದರು. "ಕೇಳಿದ್ರಾ ಮೇಡಂ? ಒಂದು ಚಿಟಿಕೆ ಪುಡಿ ಹಾಕಿಲ್ಲ!"