ಬೆಳಕ ಇನ್ನಾ ಬರಾಬರ್ ಬಂದಿಲ್ಲ

ದೀಪ ಹಚ್ಚಿ ಮಂದಿಯನ್ನು ಎದುರಿಗೆ ಕೂರಿಸುವ ಕಸುಬಿನಲ್ಲಿ ಎಡವಟ್ಟುಗಳು ತಾವಾಗಿಯೇ ವಿಳಾಸ ಹುಡುಕಿಕೊಂಡು ಬರುತ್ತವೆ. ನನ್ನ ಪಾಲಿನವು ಬಂದದ್ದು ಬಸವಕಲ್ಯಾಣದ ಒಂದು ಸಣ್ಣ ಸ್ಟುಡಿಯೋಕ್ಕೆ. ಅದು ನಮ್ಮ ಕಾಕಾನದು, ಅಂದರೆ ಅಪ್ಪನ ತಮ್ಮನದು. ಕಾಕಾ ಇಪ್ಪತ್ತೈದು ವರ್ಷ ಎಡಕ್ಕೊಂದು ಬಲಕ್ಕೊಂದು ದೀಪವಿಟ್ಟು, ತಾಲೂಕಿನ ಮುಖಗಳನ್ನೆಲ್ಲ ರೊಟ್ಟಿಯಂತೆ ಎರಡೂ ಕಡೆ ಸಮನಾಗಿ ಬೇಯಿಸಿ ಕಳಿಸಿದವನು. ತೊಂಬತ್ತರ ದಶಕ ಶುರುವಾಗುವಾಗ ಅವನು ತೀರಿಕೊಂಡ. ನಾನು ಆಗ ಪುಣೆ, ಮುಂಬೈ, ಕಾಠ್ಮಂಡು ಸುತ್ತಿ, ದೊಡ್ಡ ಫೋಟೋಗ್ರಾಫರುಗಳ ಹಿಂದೆ ದೀಪ ಹೊತ್ತು, ತಲೆ ತುಂಬ ಹೊಸ ಹೊಸ ಬೆಳಕು ತುಂಬಿಕೊಂಡು ಊರಿಗೆ ಬಂದಿದ್ದೆ. ಕಾಕಾನ ಹೆಂಡತಿ, ನನ್ನ ಕಾಕು, ಸ್ಟುಡಿಯೋದ ಕೀಲಿಯನ್ನು ನನ್ನ ಕೈಗಿಟ್ಟು ಒಂದೇ ಮಾತು ಕೇಳಿದಳು: ‘ಎಷ್ಟ ದಿನ ಇರ್ತಿ?’

ಹೊಸ ಬೆಳಕು ಹೊಂದಿಸಿ ನೋಡಲು ಒಂದು ಮುಖ ಬೇಕು. ಗಿರಾಕಿಯ ಮುಖದ ಮೇಲೆ ಪ್ರಯೋಗ ನಡೆಸುವಂತಿಲ್ಲ. ಹಾಗಾಗಿ ದಿನಾ ಮಧ್ಯಾಹ್ನ ಉಂಡಾದ ಮೇಲೆ ಕಾಕು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ನಾನು ದೀಪ ಸರಿಸುವುದು, ಇಣುಕುವುದು, ಮತ್ತೆ ಸರಿಸುವುದು, ಗುಂಡಿ ಒತ್ತುವುದು. ಕಟಕ್. ಒಳಗೆ ರೀಲು ಇರುತ್ತಿರಲಿಲ್ಲ. ರೀಲು ತುಟ್ಟಿಯ ಮಾಲು. ಅದನ್ನು ಕಾಕುಗೆ ಹೇಳಿರಲಿಲ್ಲ. ಖಾಲಿ ಕ್ಯಾಮೆರಾ ಅಂತ ಗೊತ್ತಾದರೆ ಮುಖದಲ್ಲಿ ಕಳೆ ಇರುವುದಿಲ್ಲ ಅಂತ.

‘ನನ್ನ ಫೋಟೋ ಬಂತೇನ?’ ಅಂತ ಆಕೆ ವಾರಕ್ಕೊಮ್ಮೆ ಕೇಳುತ್ತಿದ್ದಳು.

‘ಬೆಳಕ ಇನ್ನಾ ಬರಾಬರ್ ಬಂದಿಲ್ಲ, ಕಾಕು.’

ಅರ್ಧ ಮುಖ

ಮುಂಬೈಯ ಮೊದಲ ಪಾಠ: ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು. ಮುಖಕ್ಕೆ ಆಳ ಬರುತ್ತದೆ. ಅದರ ಮೊದಲ ಬಲಿ ಬೇಮಳಖೇಡದ ರೈತರೊಬ್ಬರ ಮಗಳು. ವರನ ಕಡೆಗೆ ಕಳಿಸುವ ಫೋಟೋ. ಬಲಗೆನ್ನೆಗೆ ಬೆಳಕು ಬಿಟ್ಟು ಎಡಗೆನ್ನೆಯನ್ನು ಕತ್ತಲಿಗೆ ಕೊಟ್ಟೆ. ಮುಂಬೈಯ ಯಾವ ಗೋಡೆಗಾದರೂ ಒಪ್ಪುವಂಥ ಫೋಟೋ.

ವರನ ಕಡೆಯವರು ಜೀಪು ಮಾಡಿಕೊಂಡು ಏಳು ಮಂದಿ ಬಂದರಂತೆ. ಹಾಡು ಬರ್ತದೇನು ಅಂತ ಕೇಳಲಿಲ್ಲ, ಅಡಿಗಿ ಬರ್ತದೇನು ಅಂತ ಕೇಳಲಿಲ್ಲ. ಏಳೂ ಮಂದಿ ಹುಡುಗಿಯ ಎಡಕ್ಕೇ ಸಾಲಾಗಿ ಕೂತರು. ಆಕೆ ಚಹಾ ಕೊಡಲು ತಿರುಗಿದರೆ ಸಾಲೂ ತಿರುಗಿತು. ಕಡೆಗೆ ಅವರಲ್ಲಿ ಹಿರಿಯ ಮುದುಕಿ ಎದ್ದು, ಹುಡುಗಿಯ ಗದ್ದ ಹಿಡಿದು, ಎಡಗೆನ್ನೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತೀರ್ಪು ಕೊಟ್ಟಳು: ‘ಅದ. ಈ ಕಡಿಗೂ ಅದ.’

ಮದುವೆಯೇನೋ ಆಯಿತು. ಆದರೆ ಆ ಹುಡುಗಿ ಸಂತೆಯ ಎಮ್ಮೆಯಂತೆ ನಿಂತದ್ದು ನನ್ನ ಒಂದು ನೆರಳಿನಿಂದ ಅಂತ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಮರುವರ್ಷ ಅದೇ ಅಪ್ಪ ಎರಡನೇ ಮಗಳನ್ನು ಕರೆತಂದು ಕೈ ಮುಗಿದ: ‘ಅಕ್ಕೋರೆ, ಇಕಿದರೆ ಪೂರಾ ತೆಗೀರಿ.’

ಸವತಿಕಾಯಿ ದೇವರು

ನೆರಳಿನ ಹಟ ಬಿಟ್ಟು ಬೆಳಕಿನ ಹಟ ಹಿಡಿದೆ. ಹೈದರಾಬಾದಿನಿಂದ ಮೂರು ಹ್ಯಾಲೋಜನ್ ದೀಪ ತರಿಸಿದೆ. ಮೂರೂ ಹಚ್ಚಿದರೆ ಇಡೀ ಓಣಿಯ ಕರೆಂಟು ಬಿಕ್ಕಳಿಸಿ, ಟೀವಿಗಳ ಚಿತ್ರ ಕುಗ್ಗುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಕಾಕುವನ್ನು ಕೂರಿಸಿ ದೀಪ ಹೊಂದಿಸುತ್ತಿದ್ದೆ. ಪಕ್ಕದ ಮನೆಯ ನಿವೃತ್ತ ಮಾಸ್ತರು ಧಾವಿಸಿ ಬಂದರು. ಟೀವಿಯಲ್ಲಿ ಪುರಾಣದ ಧಾರಾವಾಹಿಯ ಹೊತ್ತು.

‘ಏನವ್ವಾ, ದೀಪ ಹಚ್ಚೀಯೇನ?’

‘ಹೌದ್ರಿ ಮಾಸ್ತರ್.’

‘ನಮ್ಮ ಟೀವಿನಾಗ ದೇವರು ಎರಡೂ ಕಡಿಂದ ಒತ್ತಿ ಸವತಿಕಾಯಿ ಆಗ್ಯಾನ. ವರ ಕೊಡಾಕ ಕೈ ಎತ್ತಿದ್ದ, ಕೈನೇ ಕಾಣವಲ್ದು!’

ನಾನು ತಪ್ಪಾಯಿತು ಅನ್ನುವ ಮೊದಲೇ ಸ್ಟೂಲಿನ ಮೇಲಿಂದ ಕಾಕು ಹಣೆಯ ಬೆವರು ಒರೆಸಿಕೊಂಡು ಅಂದಳು: ‘ಮಾಸ್ತರ್, ನಾ ಇಲ್ಲಿ ಪುಟಾಣಿ ಹಂಗ ಹುರದು ಹೋಗಾಕತ್ತೀನಿ. ನಾನೇ ತಡಕೊಂಡೀನಿ, ನಿಮ್ಮ ದೇವರಿಗಿ ಆಗೂದಿಲ್ಲೇನ್ರಿ?’

ಅಂದಿನಿಂದ ಭಾನುವಾರ ಮಾಸ್ತರು ಕಿಟಕಿಯಿಂದಲೇ ಕೂಗಿ ಕೇಳುತ್ತಿದ್ದರು: ‘ಇವತ್ತ ಒಬ್ಬರದೋ, ಗ್ರೂಪೋ?’ ಒಬ್ಬರದಾದರೆ ಒಂದೇ ದೀಪ, ಸಹಿಸಿಕೊಳ್ಳುತ್ತಿದ್ದರು. ಗ್ರೂಪ್ ಅಂದರೆ ಮೂರೂ ದೀಪ, ಟೀವಿ ಆರಿಸಿ ನಮ್ಮ ಸ್ಟುಡಿಯೋಕ್ಕೇ ಬಂದು ಕೂರುತ್ತಿದ್ದರು.

ಹುಮನಾಬಾದಿನ ಪ್ರಭಾವಳಿ

ಆಮೇಲೆ ಬೆನ್ನ ಹಿಂದಿನ ಬೆಳಕು. ಹುಮನಾಬಾದಿನ ಕಿರಾಣಿ ಸಾಹುಕಾರರೊಬ್ಬರು ಅಂಗಡಿಯಲ್ಲಿ ಹಾಕಲು ತಮ್ಮದೊಂದು ದೊಡ್ಡ ಫೋಟೋ ಬೇಕೆಂದರು. ತಲೆಯ ಹಿಂದೆ ದೀಪವಿಟ್ಟೆ. ಟೊಪ್ಪಿಗೆಯ ಸುತ್ತ ಬೆಳ್ಳಗೆ ಬೆಳಕು ಹರಡಿ, ಮುಖ ಶಾಂತವಾಗಿ, ಏಕದಂ ಪರಲೋಕದಿಂದ ನೋಡುತ್ತಿರುವಂತೆ ಬಂತು. ಸಾಹುಕಾರರು ಮೆಚ್ಚಿ, ಕಟ್ಟು ಹಾಕಿಸಿ, ಗಲ್ಲಾದ ಮೇಲಿನ ಗೋಡೆಗೆ ಹಾಕಿದರು.

ವಾರದೊಳಗೆ ಫೋನು. ‘ಅಕ್ಕೋರೆ, ಫೋಟೋ ಭಾಳ ಛಲೋ ಅದ. ಆದ್ರ ಹಳ್ಳಿ ಮಂದಿ ಒಳಗ ಬಂದವರೇ ಚಪ್ಪಲಿ ಬಿಟ್ಟು ಫೋಟೋಕ್ಕ ಕೈ ಮುಗೀಲಾಕತ್ತಾರ. ನಿನ್ನಿ ಒಬ್ಬಾಕಿ ಅತ್ತಳು. ಆಮ್ಯಾಲ ಕೆಳಗ ನನ್ನ ನೋಡಿ ಎಣ್ಣಿ ಡಬ್ಬಿ ಬಿಟ್ಟು ಓಡಿದಳು. ಜರಾ ಬೆಳಕ ಕಮ್ಮಿ ಮಾಡಿ ನನ್ನ ಜೀವಂತ ಮಾಡ್ರಿ.’

ಕಾಕುಗೆ ಹೇಳಿದೆ. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ‘ನನಗ ಹಂಗೇ ಹಚ್ಚು ಆ ಪ್ರಭಾವಳಿ. ಹ್ಯಾಂಗೂ ಒಂದಿನ ಹಾರ ಹಾಕಾಕ ಫೋಟೋ ಬೇಕಲ್ಲ.’

‘ಸುಮ್ಮನಿರು ಕಾಕು. ಬೆಳಕ ಇನ್ನಾ ಬರಾಬರ್ ಬಂದಿಲ್ಲ.’

ಕಾಕಾನ ಧೋತರ

ಬೆಳಕನ್ನು ನೇರವಾಗಿ ಬಿಡದೆ ಬಿಳಿ ಬಟ್ಟೆಗೆ ತಾಗಿಸಿ ತಿರುಗಿಸಿದರೆ ಮುಖ ಬೆಣ್ಣೆಯ ಹಾಗೆ ಕಾಣುತ್ತದೆ. ಇದು ಕಾಠ್ಮಂಡುವಿನಲ್ಲಿ ಕಲಿತದ್ದು. ಬಿಳಿ ಬಟ್ಟೆ ಅಂದರೆ ನಮ್ಮಲ್ಲಿದ್ದದ್ದು ಕಾಕಾನ ಧೋತರ. ಮಂಠಾಳದ ಒಂದು ಮದುವೆಯಲ್ಲಿ ಪಡಸಾಲೆಗೆ ಪರದೆ ಕಟ್ಟಿ ಸ್ಟುಡಿಯೋ ಹೂಡಿದೆ. ಧೋತರ ಹಿಡಿಯಲು ಕಾಕು ಬಂದಿದ್ದಳು. ಮದುವೆ ಅಂತ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು. ಪಡಸಾಲೆ ತುಂಬ ಎರಡೂ ಕಡೆಯ ಬೀಗರ ಗದ್ದಲ. ಮದುಮಗಳು ನೆಲ ಬಿಟ್ಟು ಬೇರೇನೂ ನೋಡಲಿಲ್ಲ. ಮದುಮಗ ನನ್ನ ದೀಪಕ್ಕೆ ಕಣ್ಣು ಪಿಳುಕಿಸುವುದರಲ್ಲೇ ಮಗ್ನ.

ಒಂದು ಫೋಟೋದಲ್ಲಿ ಕಾಕು ಧೋತರದ ಸಮೇತ ಚೌಕಟ್ಟಿನೊಳಗೆ ಬಂದುಬಿಟ್ಟಿದ್ದಳು. ಪ್ರಿಂಟು ಬಂದ ಮೇಲೆ ಆ ತುದಿಯನ್ನು ಕತ್ತರಿಸಬೇಕಿತ್ತು. ಆದರೆ ನನಗೆ ಆ ವಾರವೇ ಮತ್ತೆಲ್ಲಿಗೋ ಹೊರಡುವ ಅವಸರ. ರೀಲನ್ನು ತೊಳೆದು ಪ್ರಿಂಟು ಹಾಕಿಸಲು ಹುಮನಾಬಾದಿನಿಂದ ಹೈದರಾಬಾದ್ ಬಸ್ಸಿಗೆ ಹಾಕಿ ನಾನೂ ಹೋದೆ. ತಿಂಗಳ ನಂತರ ಬಂದು ನೋಡಿದರೆ ಫೋಟೋ, ನೆಗೆಟಿವ್ ಎಲ್ಲ ಗಿರಾಕಿಗೆ ಹೋಗಿದ್ದವು.

‘ಅವರ ಕಡೆ ಹುಡುಗ ಬಂದಿದ್ದ, ನಾನೇ ಕೊಟ್ಟು ಕಳಿಸೀನಿ,’ ಅಂದಳು ಕಾಕು. ‘ಒಂದರಾಗ ನಾನೂ ಬಂದೀನಿ.’

‘ಅಯ್ಯೋ ಕಾಕು! ದೂರು ಬಂತೇನ?’

‘ಇಲ್ಲ. ದೂರು ಬರಲಿಲ್ಲ ಅಂದ್ರ ನಾ ಚಂದ ಬಂದಿರಬೇಕ.’

ಖಾಲಿ ಕ್ಯಾಮೆರಾ

ಎರಡು ಸಾವಿರದ ಇಸವಿ ದಾಟಿದ ಮೇಲೆ ಮಸ್ಕತ್ತಿನಿಂದ ಕರೆ ಬಂತು. ಅಲ್ಲಿ ಹೆಣ್ಣುಮಕ್ಕಳ ಮದುವೆ ಕೋಣೆಗೆ ಹೆಣ್ಣು ಫೋಟೋಗ್ರಾಫರೇ ಬೇಕು. ಕಾಲಿಗೆ ಚಕ್ರ ಇದ್ದೇ ಇತ್ತು, ಹೊರಟೆ. ಹೊರಡುವ ದಿನ ಬೆಳಿಗ್ಗೆ ಕಾಕು ಕರೆಯದೇ ಬಂದು ಸ್ಟೂಲಿನ ಮೇಲೆ ಕೂತಳು. ನಾನು ರೂಢಿಯಂತೆ ದೀಪ ಸರಿಸಿ ಒತ್ತಿದೆ. ಕಟಕ್.

‘ಈ ಸಲರೆ ರೀಲ ಹಾಕೀಯೇನ?’

ಕ್ಯಾಮೆರಾ ಕೆಳಗಿಳಿಸಿದೆ. ‘ನಿನಗ ಗೊತ್ತಿತ್ತೇನ?’

‘ಫೋಟೋ ತೆಗೆಯಾವನ ಜೋಡಿ ಇಪ್ಪತ್ತೈದು ವರ್ಷ ಸಂಸಾರ ಮಾಡೀನಿ. ರೀಲ ತಿರುಗೂ ಸಪ್ಪಳ ನನಗ ಗೊತ್ತಾಗೂದಿಲ್ಲೇನ?’

‘ಮತ್ತ ಇಷ್ಟ ವರ್ಷ ಯಾಕ ಕುಂತಿ?’

‘ನೀ ಹುಟ್ಟಿದಾಗಿಂದ ಒಂದ ಕಡಿ ನಿಂತದ್ದು ಯಾರೂ ಕಂಡಿಲ್ಲ. ಆ ದೀಪ ಹಚ್ಚಿದಾಗ ಅಷ್ಟ ತಾಸುಗಟ್ಟಲೆ ನಿಂದರ್ತಿದ್ದಿ. ಅದನ್ನ ನೋಡಾಕ ಕುಂತೀನಿ.’

ಕಪಾಟಿನಲ್ಲಿ ಮೂರು ಹೊಸ ರೀಲು ಇದ್ದವು. ಒಂದನ್ನು ತೆಗೆದು ಹಾಕಲು ಎರಡು ನಿಮಿಷ. ಹೊರಗೆ ಆಟೋದವನು ಹಾರನ್ನು ಒತ್ತುತ್ತಿದ್ದ. ಬರುವ ಸಲ ತೆಗೀತೀನಿ ಕಾಕು ಅಂದೆ.

‘ಬರು ಸಲ ನೀ ರೀಲ ತಾ,’ ಅಂದಳು. ‘ಬೆಳಕ ನಾ ತರ್ತೀನಿ.’

ಮಂಠಾಳದ ಗೋಡೆ

ಬರುವ ಸಲ ಅಂದರೆ ಎರಡು ವರ್ಷ. ಅದೂ ಕಾಕು ಹೋದಳೆಂಬ ಫೋನು ಬಂದ ಮೇಲೆ. ನಾನು ಊರು ಮುಟ್ಟುವಷ್ಟರಲ್ಲಿ ಮೂರು ದಿನ ಆಗಿತ್ತು. ಹನ್ನೊಂದನೇ ದಿನದ ಕಾರ್ಯಕ್ಕೆ ಫೋಟೋ ಬೇಕು. ಮನೆಯೆಲ್ಲ ಹುಡುಕಿದೆವು. ಮದುವೆಯ ಫೋಟೋ ಇತ್ತು, ಅದರಲ್ಲಿ ಬಾಸಿಂಗವಿತ್ತು, ಬಾಸಿಂಗದ ಹಿಂದೆ ಯಾರೋ ಇದ್ದರು. ಒಂದು ಗುರುತಿನ ಚೀಟಿ ಇತ್ತು, ನೀರು ಬಿದ್ದು ಮುಖ ಹೋಗಿ ಸೆರಗು ಮಾತ್ರ ಉಳಿದಿತ್ತು. ನೆಂಟರಲ್ಲೊಬ್ಬಾಕೆ ಎಲ್ಲರಿಗೂ ಕೇಳುವಂತೆ ಅಂದಳು: ‘ಫೋಟೋದವರ ಮನ್ಯಾಗ ಒಂದ ಫೋಟೋ ಇಲ್ಲಂದ್ರ ಏನವ್ವಾ!’

ಸಾವಿರ ಸಲ ಎದುರಿಗೆ ಕೂತವಳು. ನನ್ನ ಬಳಿ ಒಂದೂ ಇಲ್ಲ. ಆಗ ಧೋತರ ನೆನಪಾಗಿ ಮಂಠಾಳದ ಬಸ್ಸು ಹತ್ತಿದೆ.

ಮದುವೆಯಾಗಿ ಹನ್ನೆರಡು ವರ್ಷವಾಗಿದ್ದ ಆ ಗಂಡ-ಹೆಂಡತಿ ಕೂರಿಸಿ ಚಹಾ ಕೊಟ್ಟರು. ಗೋಡೆಯ ಮೇಲೆ ಆ ಫೋಟೋ ದೊಡ್ಡದಾಗಿ ಇತ್ತು. ಮದುಮಕ್ಕಳ ಪಕ್ಕದಲ್ಲಿ ಕಾಕು, ಎರಡೂ ಕೈಯಲ್ಲಿ ಧೋತರ ಅಗಲಿಸಿ ಹಿಡಿದು, ನೇರವಾಗಿ ನನ್ನ ಕಡೆ ನೋಡುತ್ತ. ಗಾಜಿನ ಮೇಲೆ, ಆಕೆಯ ಕಾಲಿನ ಹತ್ತಿರ, ಕುಂಕುಮ.

‘ಇವರ ಫೋಟೋ ತೆಗೆದುಕೊಂಡ ಹೋಗಾಕ ಬಂದೀನಿ,’ ಅಂದೆ, ಕಾಕುವನ್ನು ತೋರಿಸಿ.

‘ಅವರು ಇವರ ಕಡಿ ಹಿರೇರ್ರಿ,’ ಅಂದಳು ಹೆಂಡತಿ, ಗಂಡನನ್ನು ತೋರಿಸಿ. ‘ಹಬ್ಬಕ್ಕೊಮ್ಮೆ ನಾ ಅವರಿಗಿ ನಮಸ್ಕಾರ ಮಾಡ್ತೀನಿ.’

ಗಂಡ ಚಹಾದ ಕಪ್ಪು ಕೆಳಗಿಟ್ಟ. ‘ನಮ್ಮ ಕಡಿಯಾಕಿ? ನಿಮ್ಮ ಸೋದರತ್ತಿ ಅಲ್ಲೇನ ಆಕಿ?’

‘ನಮಗ ಸೋದರತ್ತಿನೇ ಇಲ್ಲ!’

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ: ಕಾಕು, ಬೆಳಕು, ಧೋತರ, ಕತ್ತರಿಸದೆ ಬಿಟ್ಟ ತುದಿ. ಅಡಿಗೆ ಮನೆಯಿಂದ ಆಕೆಯ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

‘ಹಂಗಾರ ಅದು ಬೀಗರಿಗಿ ಕೊಡೂ ಆಯೇರದ ಧೋತರ ಅಲ್ಲೇನ?’

‘ಅಲ್ರಿ ಅವ್ವಾ. ಬೆಳಕಿಗಿ ಹಿಡಿದದ್ದು.’

‘ಬೀಗರ ಮನಿ ಮುದುಕಿ ಆಯೇರದ ಧೋತರ ಫೋಟೋಕ್ಕ ತೋರಿಸಿ, ಮಡಚಿ ವಾಪಸ್ ಮನಿಗಿ ಒಯ್ದಾಳ ಅಂತ ಹನ್ನೆರಡು ವರ್ಷ ಹೊಟ್ಟ್ಯಾಗ ಇಟ್ಟುಕೊಂಡೀನಲ್ಲವ್ವಾ ನಾನು!’

ಸೊಸೆ ದಿಗ್ಗನೆ ಎದ್ದಳು. ‘ಅದಕ್ಕೇನ್ರಿ ಅತ್ತಿ ಮಾತು ಮಾತಿಗಿ “ನಿಮ್ಮ ಮಂದಿ ಕೈ ನನಗ ಗೊತ್ತದ” ಅಂತಿದ್ರಿ? ನಾ ಏನ ತಪ್ಪು ಮಾಡೀನಿ ಅಂತ ಹನ್ನೆರಡು ವರ್ಷ ಅತ್ತೀನಲ್ರಿ!’

ನಗು ಬಂತು, ನಗುವ ಮುಖ ನನಗಿರಲಿಲ್ಲ. ಒಂದು ತುದಿ ಕತ್ತರಿಸುವ ಪುರುಸೊತ್ತಿಲ್ಲದೆ ನಾನು ಹೋದದ್ದಕ್ಕೆ ಇಲ್ಲೊಂದು ಮನೆ ಮುನಿಸಿಕೊಂಡು ಬಾಳಿತ್ತು.

ಫೋಟೋವನ್ನು ಗೋಡೆಯಿಂದ ಇಳಿಸಿ ಬಾಗಿಲ ಬೆಳಕಿಗೆ ಇಟ್ಟು ಅದರದೊಂದು ಫೋಟೋ ತೆಗೆದುಕೊಂಡೆ. ಆಗ ಸರಿಯಾಗಿ ನೋಡಿದೆ. ಮದುಮಕ್ಕಳಿಗೆಂದು ನಾನು ಹೊಂದಿಸಿದ್ದ ಬೆಳಕು ಧೋತರಕ್ಕೆ ತಾಗಿ, ಹಿಡಿದವಳ ಮುಖದ ಮೇಲೇ ಹೆಚ್ಚು ಬಿದ್ದಿತ್ತು. ಬರಾಬರ್ ಬಂದಿತ್ತು. ಕಾಕು ಹೇಳಿದ್ದಳು, ಚಂದ ಬಂದೀನಿ ಅಂತ.

ಹನ್ನೊಂದನೇ ದಿನದ ಊಟಕ್ಕೆ ಅತ್ತೆ, ಸೊಸೆ, ಮಗ ಮೂವರೂ ಮಂಠಾಳದಿಂದ ಬಂದರು. ಗೋಡೆಯ ಮೇಲೆ ಕಾಕು ಹಾರ ಹಾಕಿಕೊಂಡು ನಿಂತಿದ್ದಳು, ಧೋತರದ ಸಮೇತ. ಅದನ್ನು ನಾನು ಈ ಸಲವೂ ಕತ್ತರಿಸಿರಲಿಲ್ಲ. ಕಾಕಾನ ಅದೇ ಧೋತರವನ್ನು ಒಗೆದು, ಇಸ್ತ್ರಿ ಮಾಡಿಸಿ, ಅತ್ತೆಯ ಉಡಿಯಲ್ಲಿ ಇಟ್ಟೆ. ಆಕೆ ಬಿಚ್ಚಿ, ಅಂಚು ನೋಡಿ, ಗೋಡೆಯ ಫೋಟೋದೊಂದಿಗೆ ತಾಳೆ ಹಾಕಿ, ಮಡಚಿ ಕಂಕುಳಲ್ಲಿಟ್ಟುಕೊಂಡು ಸೊಸೆಗೆ ಹೇಳಿದಳು:

‘ತಡಾ ಆದ್ರೂ ಕೊಟ್ಟಳವ್ವಾ, ಪುಣ್ಯಾತ್ಗಿತ್ತಿ. ಹನ್ನೆರಡು ವರ್ಷ ಹಿಡಕೊಂಡೇ ನಿಂತಾಳ, ಪಾಪ, ಕೈ ಎಷ್ಟ ನೊಂದಾವೋ.’